ಕತ್ತರಿಗೆ ಸಿಕ್ಕ ತೋಳ

ತೋಳ ಬೀದಿಯಲ್ಲಿ ನಡೆದು ಬರುತ್ತಿದ್ದಾನೆ, ಬಾಯಲ್ಲಿ ಸಿಗರೇಟು. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ, ಸಿಗರೇಟು ಚುಯ್ ಎಂದು ಆರುತ್ತದೆ. ಕತ್ತೆತ್ತಿ ನೋಡಿದರೆ ಬಾಲ್ಕನಿಯಲ್ಲಿ ಒಂದು ಮೊಲ ಹೂಗಿಡಗಳಿಗೆ ನೀರು ಹಾಕುತ್ತಿದೆ. ತೋಳನ ಮುಖ ಅರಳುತ್ತದೆ. ಹಗ್ಗವೊಂದನ್ನು ಹುಡುಕಿ ಮೇಲಕ್ಕೆ ಎಸೆಯುತ್ತಾನೆ, ಸಿಳ್ಳೆ ಹಾಕುತ್ತಾ ಹತ್ತತೊಡಗುತ್ತಾನೆ. ಸೋವಿಯತ್ ಒಕ್ಕೂಟದ ಸೊಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋ 1969ರಲ್ಲಿ ಶುರುಮಾಡಿದ ‘ನು, ಪಗದಿ!’ ಸರಣಿಯ ಆರಂಭ ಇದು. ಆ ಹೆಸರನ್ನು ನಮ್ಮ ಮಾತಿಗೆ ತಂದರೆ ‘ಇರು, ನಿನ್ನನ್ನು ನೋಡಿಕೊಳ್ಳುತ್ತೇನೆ’ ಎಂದಾಗುತ್ತದೆ. ಮುಂದಿನ ಎಷ್ಟೋ ಕಂತುಗಳಲ್ಲಿ ತೋಳ ಅದೇ ಮೊಲದ ಬೆನ್ನು ಹತ್ತುತ್ತಾನೆ. ಒಮ್ಮೆಯೂ ಅದು ಅವನ ಬಾಯಿಗೆ ಬೀಳುವುದಿಲ್ಲ.

ಇಲ್ಲಿ ಸಿಗರೇಟು ಅಲಂಕಾರಕ್ಕೆ ಇಟ್ಟದ್ದಲ್ಲ. ಅದು ಆರಿದ್ದರಿಂದಲೇ ತೋಳ ತಲೆಯೆತ್ತಿದ, ತಲೆಯೆತ್ತಿದ್ದರಿಂದಲೇ ಮೊಲ ಕಂಡಿತು. ಸಿಗರೇಟು ತೆಗೆದರೆ ಕಥೆ ಮೊದಲ ಹೆಜ್ಜೆಯನ್ನೇ ಇಡುವುದಿಲ್ಲ. 2012ರ ಸೆಪ್ಟೆಂಬರ್ 1ರಂದು ರಷ್ಯಾದಲ್ಲಿ ಮಕ್ಕಳನ್ನು ಹಾನಿಕರ ಮಾಹಿತಿಯಿಂದ ರಕ್ಷಿಸುವ ಕಾನೂನು ಜಾರಿಗೆ ಬಂದಾಗ ಅಷ್ಟೊಂದು ಗದ್ದಲ ಎದ್ದದ್ದು ಇದೇ ಕಾರಣಕ್ಕೆ. ತೋಳನನ್ನು ಇನ್ನು ರಾತ್ರಿ ಹನ್ನೊಂದರ ನಂತರವೇ ತೋರಿಸುತ್ತಾರಂತೆ, ಇಲ್ಲವೇ ಸೇದುವ ದೃಶ್ಯಗಳನ್ನು ಕತ್ತರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಆ ಕಾನೂನಿನಲ್ಲೇ ಐತಿಹಾಸಿಕ, ಕಲಾತ್ಮಕ, ಸಾಂಸ್ಕೃತಿಕ ಮೌಲ್ಯವುಳ್ಳ ಕೃತಿಗಳಿಗೆ ವಿನಾಯಿತಿಯಿತ್ತು. 2021ರ ಡಿಸೆಂಬರಿನಲ್ಲಿ ಕಂಪ್ಯೂಟರ್ ಚಿತ್ರಗಳ ಹೊಸ ಸರಣಿ ಬಂದಾಗ ಮಾತ್ರ ತೋಳ ಸಿಗರೇಟು ಬಿಟ್ಟಿದ್ದ.

ಹಳೆಯ ಕಾರ್ಟೂನುಗಳನ್ನು ಇಂದಿನ ಮಕ್ಕಳ ಮುಂದೆ ಹೇಗೆ ಇಡಬೇಕು ಎಂಬ ಚರ್ಚೆ ಕೆಲವು ವರ್ಷಗಳಿಂದ ಬಿಸಿಯೇರುತ್ತಲೇ ಇದೆ. ಕತ್ತರಿಸಬೇಕೆ, ಎಚ್ಚರಿಕೆಯ ಸಾಲು ಸೇರಿಸಬೇಕೆ, ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆ? ಈ ಜಗಳದ ಮುಖ್ಯ ಪ್ರಕರಣಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಒಂದು ಸಂಗತಿ ಎದ್ದು ಕಂಡಿತು. ಮತ್ತೆ ಮತ್ತೆ ಕತ್ತರಿಗೆ ಸಿಕ್ಕವನು ತೋಳ. ಮೊಲವನ್ನಾಗಲಿ ಹಂದಿಮರಿಗಳನ್ನಾಗಲಿ ತಿದ್ದಬೇಕೆಂದು ಅಷ್ಟಾಗಿ ಯಾರಿಗೂ ಅನಿಸಿಲ್ಲ. ಇದು ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಆಯಾ ಕಾಲದ ಜನ ಹೆದರಿದ್ದನ್ನು, ಹೇಸಿದ್ದನ್ನು, ಒಳಗೊಳಗೇ ಆಸೆಪಟ್ಟದ್ದನ್ನು ಚಿತ್ರಗಾರರು ತೋಳನ ಮೈಮೇಲೆ ಹೊರಿಸಿದರು. ಕಾಲ ಬದಲಾದಾಗ ಮೊದಲು ಮುಜುಗರ ಹುಟ್ಟಿಸುವುದೂ ಅವನೇ.

1933ರಿಂದ ಶುರುಮಾಡಬೇಕು. ಆ ವರ್ಷದ ಮೇ ತಿಂಗಳಲ್ಲಿ ಬರ್ಟ್ ಗಿಲೆಟ್ ನಿರ್ದೇಶಿಸಿದ, ಡಿಸ್ನಿ ಸ್ಟುಡಿಯೋದ ‘ಥ್ರೀ ಲಿಟಲ್ ಪಿಗ್ಸ್’ ತೆರೆ ಕಂಡಿತು. ಹುಲ್ಲು, ಕಡ್ಡಿ, ಇಟ್ಟಿಗೆಗಳಲ್ಲಿ ಮನೆ ಕಟ್ಟಿಕೊಂಡ ಮೂರು ಹಂದಿಮರಿಗಳನ್ನು ತಿನ್ನಲು ಬಂದ ತೋಳ ಅವುಗಳ ಮನೆಗಳನ್ನು ಊದಿ ಕೆಡವಲು ನೋಡುವ ಕಥೆ ಅದು. ಹಂದಿಮರಿಗಳನ್ನು ಚಿತ್ರಿಸಿದವರು ಫ್ರೆಡ್ ಮೂರ್, ತೋಳನನ್ನು ಚಿತ್ರಿಸಿದವರು ನಾರ್ಮ್ ಫರ್ಗುಸನ್, ತೋಳನಿಗೆ ಗಡಸು ಕಂಠ ಕೊಟ್ಟವರು ಬಿಲ್ಲಿ ಬ್ಲೆಚರ್. ಅಮೆರಿಕದಲ್ಲಿ ಆಗ ದುಡಿಯುವ ವಯಸ್ಸಿನ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ. ಮನೆಗೆ ಬಡತನ ಬಂದು ನಿಂತಿತು ಎನ್ನುವುದನ್ನು ಇಂಗ್ಲಿಷಿನವರು ‘ಬಾಗಿಲಿಗೆ ತೋಳ ಬಂತು’ ಎನ್ನುತ್ತಾರೆ. ಹಾಗಾಗಿ ಇಟ್ಟಿಗೆ ಮನೆಯ ಮುಂದೆ ನಿಂತು ಊದುತ್ತಿದ್ದ ಆ ಪ್ರಾಣಿ ಯಾರೆಂದು ಚಿತ್ರಮಂದಿರದಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತೋಳನಿಗೆ ಯಾರು ಹೆದರುತ್ತಾರೆ ಎಂದು ಕೇಳುವ, ಫ್ರ್ಯಾಂಕ್ ಚರ್ಚಿಲ್ ರಾಗ ಹಾಕಿದ ಆ ಹಾಡು ಮುಗ್ಗಟ್ಟಿನ ಕಾಲದ ಹಾಡಾಗಿ ಊರೂರು ಸುತ್ತಿತು. ಚಿತ್ರಕ್ಕೆ ಆಸ್ಕರ್ ಬಂತು.

ಆ ಚಿತ್ರದಲ್ಲಿ ನನ್ನನ್ನು ಇಂದಿಗೂ ತಡೆದು ನಿಲ್ಲಿಸುವ ವಿವರ ತೋಳನದ್ದಲ್ಲ, ಗೋಡೆಯದ್ದು. ಹಂದಿಮರಿಯ ಮನೆಯಲ್ಲಿ ‘ಅಪ್ಪ’ ಎಂದು ಬರೆದ ಚೌಕಟ್ಟು ತೂಗುತ್ತಿದೆ. ಒಳಗಿರುವುದು ಸಾಸೇಜುಗಳ ಸರ. ಅಂದರೆ ಆ ಮನೆಯ ಹಿರಿಯನನ್ನು ತಿಂದವನು ತೋಳನಲ್ಲ, ಚಿತ್ರ ನೋಡಲು ಬಂದು ಕೂತ ಮನುಷ್ಯ. ಹಂದಿಯನ್ನು ಯಾರು ತಿಂದರೆ ಊಟ, ಯಾರು ತಿಂದರೆ ಪಾಪ ಎಂಬ ಪ್ರಶ್ನೆಯನ್ನು ಆ ಚೌಕಟ್ಟು ಸದ್ದಿಲ್ಲದೆ ಕೇಳುತ್ತದೆ.

ಕತ್ತರಿ ಬಿದ್ದದ್ದು ಬೇರೆ ಕಡೆ. ಇಟ್ಟಿಗೆ ಮನೆಯ ಬಾಗಿಲು ತೆರೆಸಲು ತೋಳ ವೇಷ ಹಾಕಿ ಬರುತ್ತಾನೆ. 1933ರ ಮೂಲ ಪ್ರತಿಯಲ್ಲಿ ಅದು ಮನೆಮನೆಗೆ ಸರಕು ಹೊತ್ತು ಮಾರುವ ಯಹೂದಿ ವ್ಯಾಪಾರಿಯ ವೇಷ. ಉದ್ದ ಮೂಗು, ಗಡ್ಡ, ಕನ್ನಡಕ, ಯಿಡ್ಡಿಷ್ ಧಾಟಿಯ ಮಾತು. ಹಿಟ್ಲರ್ ಜರ್ಮನಿಯ ಚಾನ್ಸಲರ್ ಆಗಿದ್ದು ಅದೇ ವರ್ಷದ ಜನವರಿಯಲ್ಲಿ. ಹದಿನೈದು ವರ್ಷ ಕಳೆದು, ಯುರೋಪಿನಲ್ಲಿ ಅರವತ್ತು ಲಕ್ಷ ಯಹೂದಿಗಳು ಹತರಾದ ಮೇಲೆ, 1948ರಲ್ಲಿ ಚಿತ್ರ ಮರುಬಿಡುಗಡೆಯಾಗುವ ಹೊತ್ತಿಗೆ ಸ್ಟುಡಿಯೋ ಆ ತುಣುಕನ್ನು ಹೊಸದಾಗಿ ಚಿತ್ರಿಸಿತು. ಅಲ್ಲಿಂದ ಮುಂದೆ ಬಾಗಿಲು ತಟ್ಟುವವನು ಬ್ರಷ್ಷು ಮಾರಲು ಬಂದ ಸೇಲ್ಸ್‌ಮನ್. ಅದಾದ ಮೇಲೆ ಹುಟ್ಟಿದ ಬಹುಪಾಲು ಪ್ರೇಕ್ಷಕರಿಗೆ ಗೊತ್ತಿರುವುದು ಈ ಎರಡನೆಯ ಪ್ರತಿ.

ಆ ಬದಲಾವಣೆಯ ಉದ್ದೇಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಂದು ಜನಾಂಗದ ಮುಖವನ್ನು ಮೋಸಗಾರನ ಮುಖವಾಡ ಮಾಡಿದ್ದು ತಪ್ಪು. ಆ ಅವಮಾನವನ್ನು ಮಕ್ಕಳ ಮುಂದೆ ನಗೆಯಾಗಿ ಬಡಿಸಬೇಕಾಗಿಲ್ಲ. ನನ್ನ ತಕರಾರಿರುವುದು ಅದನ್ನು ಮಾಡಿದ ರೀತಿಯ ಬಗ್ಗೆ. ಹಳೆಯದನ್ನು ಅಳಿಸಿ ಹೊಸದನ್ನು ಹೊಲಿದ ಗುರುತು ಪರದೆಯ ಮೇಲೆ ಎಲ್ಲೂ ಇಲ್ಲ. ಚಿತ್ರದ ಶುರುವಿನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಅದಿಲ್ಲದೆ, ಮೆಚ್ಚುಗೆ ಪಡೆದ ಆ ಚಿತ್ರ ಹುಟ್ಟಿನಿಂದಲೇ ಶುದ್ಧವಾಗಿತ್ತು ಎಂಬ ಸುಳ್ಳು ತಲೆಮಾರುಗಳ ಉದ್ದಕ್ಕೂ ಉಳಿದುಬಂತು. ಅಂಥ ದ್ವೇಷ ಆ ಕಾಲದಲ್ಲಿ ಎಷ್ಟು ಸಲೀಸಾಗಿ ಮಕ್ಕಳ ಚಿತ್ರದೊಳಗೆ ಬಂದು ಕೂರುತ್ತಿತ್ತು ಎಂಬುದಕ್ಕೆ ಇದ್ದ ಸಾಕ್ಷಿಯೂ ಮರೆಗೆ ಸರಿಯಿತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಂದು ಮಾತು. ಈ ತೋಳ ಮತ್ತೆ ಮತ್ತೆ ಬರುವುದು ಏಕೆ? ಕನ್ನಡದ ಮಕ್ಕಳಿಗೆ ಹಸಿದ ಮೃಗವೆಂದರೆ ಮೊದಲು ನೆನಪಾಗುವುದು ಪುಣ್ಯಕೋಟಿಯನ್ನು ಅಡ್ಡಗಟ್ಟಿದ ಅರ್ಬುತನೆಂಬ ಹುಲಿ. ಹಸು ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದಾಗ ಹುಲಿಯ ಮನಸ್ಸು ಕರಗುತ್ತದೆ, ಅದು ಮೇಲಿಂದ ಹಾರಿ ಪ್ರಾಣ ಬಿಡುತ್ತದೆ. ಆ ಕಥೆಗೆ ಎರಡನೆಯ ಭಾಗ ಸಾಧ್ಯವಿಲ್ಲ, ಹುಲಿಯ ಹಸಿವಿನೊಂದಿಗೆ ಕಥೆಯೂ ಮುಗಿಯುತ್ತದೆ. ಕಾರ್ಟೂನಿನ ತೋಳನಿಗೆ ಕರಗುವ ಅನುಮತಿಯಿಲ್ಲ, ಸಾಯುವ ಅನುಮತಿಯೂ ಇಲ್ಲ. ಕುದಿಯುವ ಹಂಡೆಗೆ ಬಿದ್ದರೂ ಹಿಂಭಾಗ ಸುಟ್ಟುಕೊಂಡು ಓಡಿಹೋಗುತ್ತಾನೆ, ಮುಂದಿನ ಚಿತ್ರಕ್ಕೆ ಅದೇ ಹಸಿವಿನೊಂದಿಗೆ ಹಾಜರಾಗುತ್ತಾನೆ. ಚಿತ್ರಮಂದಿರಗಳು ತಿಂಗಳು ತಿಂಗಳು ಹೊಸ ಕಿರುಚಿತ್ರ ಕೇಳುತ್ತಿದ್ದ ಕಾಲಕ್ಕೆ ಬೇಕಾಗಿದ್ದದ್ದು ಹೊಟ್ಟೆ ತುಂಬದ ಪಾತ್ರ. ಹೊಟ್ಟೆ ತುಂಬದ್ದರಿಂದಲೇ ಪ್ರತಿ ದಶಕವೂ ಅವನಿಗೆ ಹೊಸದೊಂದು ಹಸಿವನ್ನು ಕೊಡಲು ಸಾಧ್ಯವಾಯಿತು.

ಡಿಸ್ನಿ ಸ್ಟುಡಿಯೋ 1934, 1936 ಮತ್ತು 1939ರಲ್ಲಿ ಅದೇ ತೋಳನನ್ನು ಮತ್ತೆ ತಂದಿತು, ಯಾವುದೂ ಮೊದಲಿನಷ್ಟು ಓಡಲಿಲ್ಲ. ಹಂದಿಗಳನ್ನು ಹಂದಿಗಳಿಂದಲೇ ಮೀರಿಸಲಾಗದು ಎಂದು ವಾಲ್ಟ್ ಡಿಸ್ನಿ ಅವರೇ ಒಪ್ಪಿಕೊಂಡರು. ಯುದ್ಧ ಬಂದಾಗ ತೋಳನಿಗೆ ಸಮವಸ್ತ್ರ ತೊಡಿಸುವುದು ಸುಲಭವಾಯಿತು. 1941ರಲ್ಲಿ ಕೆನಡಾಕ್ಕಾಗಿ ತಯಾರಾದ ‘ದಿ ಥ್ರಿಫ್ಟಿ ಪಿಗ್’ ಎಂಬ ಕಿರುಚಿತ್ರದಲ್ಲಿ ಅವನ ಮೈಮೇಲೆ ನಾಜಿ ಗುರುತು ಬಂತು, ಹಂದಿಮರಿಯ ಮನೆಯ ಇಟ್ಟಿಗೆಗಳು ಯುದ್ಧದ ಉಳಿತಾಯ ಪತ್ರಗಳಾದವು. ಮರುವರ್ಷ ಎಂಜಿಎಂ ಸ್ಟುಡಿಯೋದಲ್ಲಿ ಟೆಕ್ಸ್ ಏವರಿ ‘ಬ್ಲಿಟ್ಜ್ ವುಲ್ಫ್’ನಲ್ಲಿ ತೋಳನನ್ನು ನೇರವಾಗಿ ಹಿಟ್ಲರ್ ಮಾಡಿದರು. ಒಂಬತ್ತು ವರ್ಷಗಳ ಹಿಂದೆ ಯಹೂದಿಯ ವೇಷ ತೊಟ್ಟಿದ್ದ ಪ್ರಾಣಿಗೆ ಈಗ ಯಹೂದಿಗಳನ್ನು ಕೊಲ್ಲಿಸುತ್ತಿದ್ದವನ ವೇಷ. ತೋಳನಿಗೆ ಸ್ವಂತದ್ದೆಂಬ ಮುಖವಿಲ್ಲ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಏವರಿ ಅವರು 1943ರಲ್ಲಿ ಮಾಡಿದ ‘ರೆಡ್ ಹಾಟ್ ರೈಡಿಂಗ್ ಹುಡ್’ ಆ ಹಸಿವಿನ ಜಾತಿಯನ್ನೇ ಬದಲಿಸಿತು. ಚಿತ್ರ ಶುರುವಾಗುವುದು ಕೆಂಪು ಟೋಪಿಯ ಹುಡುಗಿಯ ಹಳೆಯ ಕಥೆಯಂತೆಯೇ. ಸ್ವಲ್ಪ ಹೊತ್ತಿಗೆ ತೋಳ ಕೆಲಸ ನಿಲ್ಲಿಸಿ, ಕಥೆ ಹೇಳುವವನ ಮೇಲೆಯೇ ರೇಗುತ್ತಾನೆ. ಇದನ್ನೇ ಎಷ್ಟು ಸಲ ಮಾಡುವುದು, ಸಾಕಾಯಿತು ಎನ್ನುತ್ತಾನೆ. ಕಥೆ ಹೊಸದಾಗಿ ಶುರುವಾಗುತ್ತದೆ. ಈಗ ತೋಳ ಸೂಟು ತೊಟ್ಟ ಹಾಲಿವುಡ್ ಶೋಕಿಲಾಲ. ಹುಡುಗಿ ನೈಟ್‌ಕ್ಲಬ್ಬಿನ ಗಾಯಕಿ, ಅವಳನ್ನು ಚಿತ್ರಿಸಿದವರು ಪ್ರೆಸ್ಟನ್ ಬ್ಲೇರ್. ಅವಳು ಹಾಡತೊಡಗಿದಾಗ ತೋಳನ ದೇಹ ಅವನ ಹಿಡಿತದಲ್ಲಿ ಉಳಿಯುವುದಿಲ್ಲ. ಕಣ್ಣು ಗೂಡು ಬಿಟ್ಟು ಹೊರಗೆ ಚಿಮ್ಮುತ್ತವೆ. ಚಪ್ಪಾಳೆ ತಟ್ಟಲು ಕೈ ಸಾಲದೆ ಯಂತ್ರ ಬರುತ್ತದೆ. ತನ್ನ ತಲೆಯನ್ನು ತಾನೇ ಸುತ್ತಿಗೆಯಿಂದ ಬಡಿದುಕೊಳ್ಳುತ್ತಾನೆ. ಮನಸ್ಸಿನಲ್ಲಿ ಆಗುವುದನ್ನು ಮೈಯ ಮೇಲೆ ಇಷ್ಟು ನಿಷ್ಠುರವಾಗಿ ಬರೆದು ತೋರಿಸಿದ ಚಿತ್ರ ಅದಕ್ಕೆ ಮೊದಲು ಬಂದಿರಲಿಲ್ಲ ಎಂದೇ ನನ್ನ ಎಣಿಕೆ. ಹೆಣ್ಣುಗಳ ಬೆನ್ನು ಹತ್ತುವ ಗಂಡಸನ್ನು ‘ತೋಳ’ ಎನ್ನುವುದು ಆಗಿನ ಅಮೆರಿಕದ ಆಡುಮಾತು. ಏವರಿ ಆ ಮಾತನ್ನು ಅಕ್ಷರಶಃ ಚಿತ್ರ ಮಾಡಿದರು.

ಆ ಚಿತ್ರಕ್ಕೂ ಕತ್ತರಿ ಬಿತ್ತು, ಬಿಡುಗಡೆಗೆ ಮೊದಲೇ. ಹಾಲಿವುಡ್ಡಿನ ನೀತಿ ಸಂಹಿತೆಯ ಕಾಲ ಅದು. ಮೊದಲು ಯೋಜಿಸಿದ್ದ ಕೊನೆಯಲ್ಲಿ ಹುಡುಗಿಯ ಅಜ್ಜಿ ಬಂದೂಕು ಹಿಡಿದು ತೋಳನನ್ನು ಮದುವೆಯಾಗುತ್ತಾಳೆ, ಅರ್ಧ ಮನುಷ್ಯ ಅರ್ಧ ತೋಳದ ಮಕ್ಕಳೂ ಹುಟ್ಟುತ್ತವೆ. ಅದನ್ನು ತೆಗೆದುಹಾಕಿದರು. ತೆರೆಗೆ ಬಂದ ಪ್ರತಿಯಲ್ಲಿ, ಇನ್ನೊಬ್ಬ ಹೆಣ್ಣನ್ನು ಕಣ್ಣೆತ್ತಿ ನೋಡುವುದಕ್ಕಿಂತ ಸಾಯುವುದೇ ಮೇಲು ಎಂದು ತೋಳ ಗುಂಡು ಹಾರಿಸಿಕೊಳ್ಳುತ್ತಾನೆ. ಮರುಕ್ಷಣ ಅವನ ಪ್ರೇತ ಎದ್ದು ನಿಂತು ಸಿಳ್ಳೆ, ಕೂಗು ಎಲ್ಲವನ್ನೂ ಮತ್ತೆ ಶುರುಮಾಡುತ್ತದೆ. ಮದುವೆಯ ತಮಾಷೆಗೆ ಬೀಗ ಹಾಕಿದ ಸಂಹಿತೆ ಆತ್ಮಹತ್ಯೆಯ ತಮಾಷೆಯನ್ನು ಬಿಟ್ಟುಕೊಟ್ಟಿತು. ಇಂದಿನ ತಂದೆತಾಯಂದಿರನ್ನು ಕೇಳಿದರೆ ಅವರು ಆತಂಕ ಪಡುವುದು ಎರಡನೆಯದರ ಬಗ್ಗೆ. ಕತ್ತರಿ ಯಾವಾಗಲೂ ಅದನ್ನು ಹಿಡಿದ ಕಾಲದ ಹೆದರಿಕೆಯನ್ನೇ ಕತ್ತರಿಸುತ್ತದೆ, ಮುಂದಿನ ಕಾಲದ್ದು ಅದಕ್ಕೆ ಕಾಣುವುದಿಲ್ಲ.

ಈ ಸಾಲಿನ ಚಿತ್ರಗಳನ್ನು ಇಂದು ನೋಡುವ ಹೆಣ್ಣುಮಕ್ಕಳಿಗೆ ಇರುಸುಮುರುಸಾಗುವುದು ಸಹಜ. ನಗೆಪಾಟಲಾಗುವವನು ತೋಳನೇ, ಹುಡುಗಿ ಅವನ ಕೈಗೆ ಒಮ್ಮೆಯೂ ಸಿಗುವುದಿಲ್ಲ ಎಂದು ಸಮರ್ಥಿಸುವವರಿದ್ದಾರೆ. ಅದು ಅರ್ಧ ಸತ್ಯ. ಅವಳನ್ನು ಚಿತ್ರಿಸಿರುವುದೇ ತೋಳನ ಕಣ್ಣಿನಿಂದ ನೋಡಲೆಂದು. ನಾವು ಕೂರುವುದು ಅವನ ಪಕ್ಕದ ಕುರ್ಚಿಯಲ್ಲಿ. ಏವರಿ ಅವರಿಗೂ ಇದು ಹೊಳೆದಿತ್ತೆಂದು ನನಗೆ ಅನಿಸುವುದು 1949ರ ‘ಲಿಟಲ್ ರೂರಲ್ ರೈಡಿಂಗ್ ಹುಡ್’ ನೋಡಿದಾಗ. ಅದರಲ್ಲಿ ಹಳ್ಳಿಯ ತೋಳ ಪಟ್ಟಣದ ದಾಯಾದಿಯ ಮನೆಗೆ ಹೋಗುತ್ತಾನೆ. ಪಟ್ಟಣದ ತೋಳ ಮಹಾ ಸಭ್ಯ. ಕ್ಲಬ್ಬಿನಲ್ಲಿ ಹುಡುಗಿ ಹಾಡುವಾಗ ಹಳ್ಳಿಯವನು ಹುಚ್ಚೆದ್ದು ಕುಣಿದರೆ, ಇವನು ಮೈ ಅಲುಗದೆ ಕೂತು ಅವನನ್ನು ಹದ್ದುಬಸ್ತಿನಲ್ಲಿ ಇಡುತ್ತಾನೆ. ಇನ್ನು ತಡೆಯಲಾಗದು ಎಂದು ಊರಿಗೆ ಬಿಡಲು ಬಂದರೆ, ಅಲ್ಲಿನ ಹಳ್ಳಿ ಹುಡುಗಿಯನ್ನು ಕಂಡು ಪಟ್ಟಣದ ಸಭ್ಯನಿಗೇ ಕಣ್ಣು ಚಿಮ್ಮುತ್ತವೆ, ನಾಲಗೆ ಹೊರಬೀಳುತ್ತದೆ. ಈಗ ಅವನನ್ನು ಎಳೆದುಕೊಂಡು ಹೋಗುವ ಸರದಿ ಹಳ್ಳಿಯವನದ್ದು. ಈ ಚಿತ್ರಗಳಲ್ಲಿ ಒಂದನ್ನೇ ಒಬ್ಬ ಹದಿಹರೆಯದ ಹುಡುಗನಿಗೆ ತೋರಿಸಬೇಕಾದರೆ ನಾನು ಇದನ್ನೇ ತೋರಿಸುತ್ತೇನೆ, ತೋರಿಸಿ ಜೊತೆಗೆ ಕೂತು ಮಾತನಾಡುತ್ತೇನೆ.

ನನ್ನ ಪ್ರೀತಿಯ ತೋಳ ಬೇರೆ. ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ ಚಕ್ ಜೋನ್ಸ್ 1953ರಲ್ಲಿ ಆರಂಭಿಸಿದ, ಹತ್ತು ವರ್ಷಗಳಲ್ಲಿ ಏಳೇ ಏಳು ಕಿರುಚಿತ್ರಗಳಲ್ಲಿ ಬಂದ ರಾಲ್ಫ್ ಎಂಬ ತೋಳ ಮತ್ತು ಸ್ಯಾಮ್ ಎಂಬ ಕುರಿ ಕಾಯುವ ನಾಯಿ. ಬೆಳಿಗ್ಗೆ ಇಬ್ಬರೂ ಊಟದ ಡಬ್ಬಿ ಹಿಡಿದು ಬರುತ್ತಾರೆ. ನಮಸ್ಕಾರ ರಾಲ್ಫ್, ನಮಸ್ಕಾರ ಸ್ಯಾಮ್ ಎನ್ನುತ್ತಾರೆ. ಮರಕ್ಕೆ ತಗುಲಿಸಿದ ಹಾಜರಿ ಯಂತ್ರಕ್ಕೆ ತಮ್ಮ ತಮ್ಮ ಕಾರ್ಡು ಹಾಕುತ್ತಾರೆ. ಸೀಟಿ ಊದುತ್ತದೆ. ಆ ಗಳಿಗೆಯಿಂದ ಒಬ್ಬನ ಕೆಲಸ ಕುರಿ ಕದಿಯುವುದು, ಇನ್ನೊಬ್ಬನ ಕೆಲಸ ಅವನನ್ನು ಬಡಿಯುವುದು. ಬಡಿಯಲು ಎತ್ತಿದ ಕೈ ಊಟದ ಸೀಟಿಗೆ ಗಾಳಿಯಲ್ಲೇ ನಿಲ್ಲುತ್ತದೆ. ಪಕ್ಕಪಕ್ಕ ಕೂತು ಉಣ್ಣುತ್ತಾರೆ. ಸಂಜೆಯ ಸೀಟಿಗೆ ಮತ್ತೆ ಕಾರ್ಡು ಹಾಕಿ ಮನೆಗೆ ಹೊರಡುತ್ತಾರೆ, ರಾತ್ರಿ ಪಾಳಿಯವರು ಬರುತ್ತಾರೆ. ಒಂದು ಕಂತಿನ ಕೊನೆಯಲ್ಲಿ ಸ್ಯಾಮ್, ನೀನು ಬಹಳ ದಣಿದಿದ್ದೀಯ, ನಾಳೆ ರಜೆ ತೆಗೆದುಕೋ, ಇಬ್ಬರ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ರಾಲ್ಫ್‌ನ ಹೆಗಲ ಭಾರ ಇಳಿಸುತ್ತಾನೆ.

1990ರ ದಶಕದ ಕೊನೆಯಲ್ಲಿ ನಮ್ಮ ಮನೆಗೆ ಕೇಬಲ್ ಬಂದಾಗ ಈ ಕಂತುಗಳನ್ನು ಅಜ್ಜಿಯ ಪಕ್ಕ ಕೂತು ನೋಡಿದ್ದೇನೆ. ನಮ್ಮಿಬ್ಬರಿಗೂ ಇಂಗ್ಲಿಷ್ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಬೀಳಲಿಲ್ಲ. “ಪಾಪ, ಇಷ್ಟು ದುಡಿಯುವವನಿಗೆ ಒಂದು ಕುರಿ ಕೊಟ್ಟರೆ ಇವರ ಗಂಟೇನು ಹೋಗುತ್ತದೆ?” ಎಂದು ಅಜ್ಜಿ ಕೇಳುತ್ತಿದ್ದರು. ಎಷ್ಟೋ ವರ್ಷಗಳ ನಂತರ ಆ ಮಾತಿನ ಆಳ ನನಗೆ ಹೊಳೆಯಿತು. ಇಪ್ಪತ್ತು ವರ್ಷಗಳ ಹಿಂದೆ ತೋಳ ಬಡತನವಾಗಿದ್ದ, ಹೊರಗಿನಿಂದ ಬಂದು ಬಾಗಿಲು ಬಡಿಯುತ್ತಿದ್ದ. ಯುದ್ಧ ಗೆದ್ದು ಹೊಟ್ಟೆ ತುಂಬಿದ ಅಮೆರಿಕದಲ್ಲಿ ಅವನು ಸಂಬಳದ ನೌಕರನಾಗಿದ್ದಾನೆ. ಅವನಿಗೆ ಕುರಿಯ ಮೇಲೆ ಆಸೆಯೇ ಕಾಣುವುದಿಲ್ಲ, ಸೀಟಿ ಊದಿದ್ದಕ್ಕಾಗಿ ಕದಿಯುತ್ತಾನೆ. ಹಗೆತನವೂ ಪಾಳಿಯ ಕೆಲಸ. ಈ ಏಳು ಚಿತ್ರಗಳಿಗೆ ಕತ್ತರಿ ಹಾಕಬೇಕೆಂಬ ಕೂಗು ನನ್ನ ಕಿವಿಗೆ ಬಿದ್ದದ್ದಿಲ್ಲ. ದಿನಗೂಲಿಯ ಬೇಸರಕ್ಕೆ ಯಾವ ಕಾಲವೂ ಮುಜುಗರ ಪಡಲಿಲ್ಲವೇನೋ.

ತೋಳನ ಹೆಸರನ್ನು ತೊಳೆಯಲು ಒಂದು ಪ್ರಯತ್ನವೂ ನಡೆಯಿತು. ಹ್ಯಾನಾ-ಬಾರ್ಬೆರಾ ಸಂಸ್ಥೆ 1959ರಿಂದ 1965ರವರೆಗೆ ‘ಲೂಪಿ ಡಿ ಲೂಪ್’ ಎಂಬ ಸಜ್ಜನ ತೋಳನ 48 ಕಿರುಚಿತ್ರಗಳನ್ನು ಮಾಡಿತು. ತಾನು ಒಳ್ಳೆಯ ತೋಳ ಎಂದು ಫ್ರೆಂಚ್ ಧಾಟಿಯ ಇಂಗ್ಲಿಷಿನಲ್ಲಿ ವಿನಯದಿಂದ ಹೇಳುತ್ತಾ ಎಲ್ಲರಿಗೂ ಸಹಾಯಕ್ಕೆ ಹೋಗುತ್ತಾನೆ, ಎಲ್ಲರಿಂದಲೂ ಹೊಡೆತ ತಿನ್ನುತ್ತಾನೆ. ಪೂರ್ವಗ್ರಹದ ಬಗ್ಗೆ ಇಷ್ಟು ನೇರವಾಗಿ ಮಾತನಾಡಿದ ಕಾರ್ಟೂನು ಆ ಕಾಲದಲ್ಲಿ ಅಪರೂಪ. ಆದರೂ ಅವನನ್ನು ನೆನೆಯುವವರು ಕಡಿಮೆ. ಹಸಿವನ್ನು ಕಿತ್ತುಕೊಂಡ ಮೇಲೆ ಅವನಲ್ಲಿ ಉಳಿದದ್ದು ಸೌಜನ್ಯ ಮಾತ್ರ, ಅದನ್ನು ಹೊತ್ತು 48 ಸಲ ಓಡುವುದು ಕಷ್ಟ.

ಮತ್ತೆ ಮಾಸ್ಕೋದ ತೋಳನ ಕಡೆಗೆ ಬರುತ್ತೇನೆ. ವ್ಯಾಚೆಸ್ಲಾವ್ ಕೊತ್ಯೋನೊಚ್ಕಿನ್ ನಿರ್ದೇಶಿಸಿದ ಆ ಸರಣಿಯಲ್ಲಿ ಮೊಲ ಅಚ್ಚುಕಟ್ಟಾದ ನಾಗರಿಕ. ತೋಳ ಪೋಲಿ. ಸಿಗರೇಟು, ಗಿಟಾರು, ಅಗಲ ಕಾಲಿನ ಪ್ಯಾಂಟು, ಕೆದರಿದ ಕೂದಲು, ಇವು ಆಗಿನ ಸೋವಿಯತ್ ಅಧಿಕಾರಿಗಳು ಯುವಕರಲ್ಲಿ ಕಂಡು ಹುಬ್ಬುಗಂಟಿಕ್ಕುತ್ತಿದ್ದ ಗುರುತುಗಳು. ಮೊದಲ ಕಂತಿನಲ್ಲಿ ಹಗ್ಗ ಹತ್ತುವಾಗ ಅವನು ಸಿಳ್ಳೆಯಲ್ಲಿ ನುಡಿಸುವುದು ವ್ಲದೀಮಿರ್ ವಿಸೋತ್ಸ್ಕಿ ಅವರ ಹಾಡಿನ ಧಾಟಿಯನ್ನು, ಜನ ತಲೆಯ ಮೇಲೆ ಹೊತ್ತು ಮೆರೆಸಿದ, ಸರ್ಕಾರ ದೂರವಿಟ್ಟಿದ್ದ ಕವಿಯ ಹಾಡನ್ನು. ಹೀಗೆ ಕೆಟ್ಟವನೆಂದು ಕಟೆದ ಪಾತ್ರಕ್ಕೆ ಊರಿನ ಉಸಿರೆಲ್ಲ ತುಂಬಿಕೊಂಡಿತು. ಮಕ್ಕಳು ಮೊಲವನ್ನು ಮೆಚ್ಚಿದರು, ಪ್ರೀತಿಸಿದ್ದು ತೋಳನನ್ನು. ಅವನ ಬಾಯಿಂದ ಸಿಗರೇಟು ತೆಗೆದರೆ ಹೋಗುವುದು ಹೊಗೆ ಮಾತ್ರವಲ್ಲ, ಸರ್ಕಾರ ಯಾರನ್ನು ಪೋಲಿ ಎನ್ನುತ್ತಿತ್ತು ಎಂಬ ದಾಖಲೆಯೂ ಹೋಗುತ್ತದೆ.

ಅದೇ ಸ್ಟುಡಿಯೋದಲ್ಲಿ 1979ರಲ್ಲಿ ಯೂರಿ ನೊರ್ಸ್ಟೈನ್ ಇನ್ನೊಂದು ತೋಳವನ್ನು ಮಾಡಿದರು. ರಷ್ಯನ್ ತಾಯಂದಿರ ಜೋಗುಳದಲ್ಲಿ, ಹಾಸಿಗೆಯ ಅಂಚಿಗೆ ಮಲಗಬೇಡ, ಬೂದು ತೋಳದ ಮರಿ ಬಂದು ಪಕ್ಕೆ ಕಚ್ಚುತ್ತದೆ ಎಂಬ ಸಾಲಿದೆ. ನಮ್ಮಲ್ಲಿ ಅದೇ ಕೆಲಸಕ್ಕೆ ಗುಮ್ಮನನ್ನು ಕರೆಯುತ್ತಾರೆ, ದಾಸರ ಪದದ ಕೃಷ್ಣನೂ ಅವನಿಗೆ ಹೆದರಿ ಅಮ್ಮನನ್ನು ಬೇಡಿಕೊಳ್ಳುತ್ತಾನೆ. ‘ಟೇಲ್ ಆಫ್ ಟೇಲ್ಸ್’ ಎಂದು ಹೊರಜಗತ್ತಿಗೆ ಗೊತ್ತಿರುವ ಆ ಚಿತ್ರದಲ್ಲಿ ಜೋಗುಳದ ತೋಳ ಒಬ್ಬಂಟಿಯಾಗಿ ಪಾಳುಮನೆಯಲ್ಲಿ ಆಲೂಗೆಡ್ಡೆ ಸುಟ್ಟು, ಬಿಸಿ ತಾಳದೆ ಕೈಯಿಂದ ಕೈಗೆ ಆಡಿಸಿ ತಿನ್ನುತ್ತದೆ. ನೀರಿನಿಂದ ಎತ್ತಿದ ಬೆಕ್ಕಿನ ಮರಿಯೊಂದರ ಫೋಟೋ ನೋಡಿ ಅದರ ಕಣ್ಣುಗಳನ್ನು ರೂಪಿಸಿದರು. ಹೆದರಿಸಲು ಕರೆದ ಪ್ರಾಣಿಯನ್ನು ಹತ್ತಿರ ಕೂರಿಸಿಕೊಂಡು ನೋಡಿದರೆ ಏನು ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಮೃದುವಾದ ಉತ್ತರ ನನಗೆ ಗೊತ್ತಿಲ್ಲ.

ಈಗ ಇಂದಿನ ಸ್ಥಿತಿ. ಏವರಿ ಅವರ ಎಂಜಿಎಂ ತೋಳ 1986ರಲ್ಲಿ ಟರ್ನರ್ ಸಂಸ್ಥೆಯ ಕೈಗೆ, ಅಲ್ಲಿಂದ 1996ರ ವಿಲೀನದಲ್ಲಿ ಟೈಮ್ ವಾರ್ನರ್ ಕೈಗೆ ಹೋಯಿತು. ಹೀಗೆ ಒಂದು ಕಾಲದಲ್ಲಿ ಪೈಪೋಟಿಗೆ ಬಿದ್ದಿದ್ದ ಎರಡು ಸ್ಟುಡಿಯೋಗಳ ತೋಳಗಳು ಒಂದೇ ಉಗ್ರಾಣ ಸೇರಿದವು. 2022ರ ಕೊನೆಯಲ್ಲಿ ವಾರ್ನರ್ ತನ್ನದೇ ಸ್ಟ್ರೀಮಿಂಗ್ ವೇದಿಕೆಯಿಂದ ರಾಲ್ಫ್ ಮತ್ತು ಸ್ಯಾಮ್ ಕೂಡ ಸೇರಿರುವ ಲೂನಿ ಟ್ಯೂನ್ಸ್ ಎಂಬ ತನ್ನ ಹಳೆಯ ಕಾರ್ಟೂನು ಸರಣಿಯ 256 ಕಿರುಚಿತ್ರಗಳನ್ನು ಇಳಿಸಿತು, 2025ರ ಮಾರ್ಚಿನಲ್ಲಿ ಉಳಿದ ಹಳೆಯ ಕಿರುಚಿತ್ರಗಳನ್ನೂ ಇಳಿಸಿತು. ಇದಕ್ಕೆ ಯಾವ ಸೂಕ್ಷ್ಮ ಸಂವೇದನೆಯೂ ಕಾರಣವಲ್ಲ, ಲೆಕ್ಕಪತ್ರ ಕಾರಣ. ಅದೇ ವರ್ಷದ ಆಗಸ್ಟಿನಲ್ಲಿ ಅವು ಜಾಹೀರಾತಿನೊಂದಿಗೆ ಉಚಿತವಾಗಿ ತೋರಿಸುವ ಟ್ಯೂಬಿ ಎಂಬ ವೇದಿಕೆಯಲ್ಲಿ ಮತ್ತೆ ಕಂಡವು. ರಾಲ್ಫ್ ಮತ್ತು ಸ್ಯಾಮ್‌ಗೆ ಯಾವ ಸೆನ್ಸಾರಿನಿಂದಲೂ ಆಗದ ಅಪಾಯ ಹೀಗೆ ಒಂದು ಮಂಡಳಿ ಸಭೆಯಿಂದ ಆಗಬಹುದು. ಕತ್ತರಿಯ ಬಗ್ಗೆ ಕೂಗಾಡುವ ನಾವು ಬೀಗದ ಕೈಯ ಬಗ್ಗೆ ಅಷ್ಟು ಮಾತನಾಡುವುದಿಲ್ಲ.

ಡಿಸ್ನಿ ಹಿಡಿದ ದಾರಿ ಬೇರೆ. ತನ್ನ ವೇದಿಕೆಯ ಕೆಲವು ಹಳೆಯ ಚಿತ್ರಗಳಿಗೆ ಅದು ಮುನ್ಸೂಚನೆ ಸೇರಿಸಿತು. 2020ರ ಅಕ್ಟೋಬರಿನಲ್ಲಿ ಆ ಸಾಲುಗಳನ್ನು ಗಟ್ಟಿಗೊಳಿಸಿ, ಇಂಥ ಚಿತ್ರಣ ಆಗಲೂ ತಪ್ಪು, ಈಗಲೂ ತಪ್ಪು ಎಂದು ಒಪ್ಪಿಕೊಂಡಿತು. 2025ರಲ್ಲಿ ಅದನ್ನು ಮತ್ತೆ ಮೆದುಗೊಳಿಸಿತು. ವಾರ್ನರ್ ಸಂಸ್ಥೆಯೂ ತನ್ನ ಡಿವಿಡಿಗಳಲ್ಲಿ ಇಂಥ ಸಾಲು ಹಾಕಿತ್ತು, ಈ ದೃಶ್ಯಗಳೇ ಇರಲಿಲ್ಲ ಎಂದು ನಟಿಸಿದರೆ ಆ ಪೂರ್ವಗ್ರಹಗಳೇ ಇರಲಿಲ್ಲ ಎಂದಂತೆ ಎಂಬ ಅರ್ಥದಲ್ಲಿ. ನಾನು ಈ ದಾರಿಯ ಪರ. ನಮಗೆ ಇದೇನೂ ಹೊಸದಲ್ಲ. 2012ರಿಂದ ನಮ್ಮ ಚಿತ್ರಮಂದಿರಗಳಲ್ಲಿ ನಾಯಕ ಸಿಗರೇಟು ಹಚ್ಚಿದಾಗ ಕೆಳಗೆ ಎಚ್ಚರಿಕೆಯ ಸಾಲು ಓಡುತ್ತದೆ. ಕಿರಿಕಿರಿಯೆಂದು ಗೊಣಗುವವರಿದ್ದಾರೆ, ನಾನೂ ಗೊಣಗಿದ್ದೇನೆ. ಆದರೆ ದೃಶ್ಯ ಉಳಿದಿದೆ, ಎಚ್ಚರಿಕೆಯೂ ಉಳಿದಿದೆ, ಎರಡನ್ನೂ ಒಟ್ಟಿಗೆ ನೋಡುವ ಶಕ್ತಿ ನೋಡುಗನಿಗೆ ಇದೆ ಎಂಬ ನಂಬಿಕೆಯೂ ಉಳಿದಿದೆ.

ಈ ಚರ್ಚೆಗೆ ಒಂದು ಗಡುವೂ ಇದೆ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಚಿತ್ರಗಳ ಹಕ್ಕುಸ್ವಾಮ್ಯ 95 ವರ್ಷ. 1928ರ ಮಿಕ್ಕಿ ಮೌಸ್ ಚಿತ್ರ 2024ರ ಜನವರಿ 1ರಂದು ಸಾರ್ವಜನಿಕ ಸ್ವತ್ತಾಯಿತು, ಅದೇ ದಿನ ಮಿಕ್ಕಿಯನ್ನು ಕೊಲೆಗಾರನಾಗಿಸಿದ ಭಯಾನಕ ಚಿತ್ರವೊಂದರ ಟ್ರೇಲರ್ ಬಂತು. ಮೂರು ಹಂದಿಮರಿಗಳ ತೋಳನ ಸರದಿ 2029ರ ಜನವರಿ 1. ಅಂದು ಎಲ್ಲರದಾಗುವುದು 1933ರಲ್ಲಿ ತೆರೆ ಕಂಡ ರೂಪ, ಯಹೂದಿ ವ್ಯಾಪಾರಿಯ ವೇಷ ಇರುವ ರೂಪ. ಬ್ರಷ್ಷು ಮಾರುವವನು 1948ರಲ್ಲಿ ಹುಟ್ಟಿದವನು. ಅಂದಿನಿಂದ ಆ ಮುಚ್ಚಿಟ್ಟ ದೃಶ್ಯವನ್ನು ಯಾರು ಬೇಕಾದರೂ ಮೊಬೈಲಿನಿಂದ ಮೊಬೈಲಿಗೆ ದಾಟಿಸಬಹುದು, ದ್ವೇಷ ಹರಡಲು ಬಯಸುವವರು ಸಹ. ಚಿತ್ರದ ಶುರುವಿಗೆ ಹಾಕುವ ಎಚ್ಚರಿಕೆಯ ಸಾಲು ಬರೆಯಬೇಕಾದವರು ಸ್ಟುಡಿಯೋದವರು, ಚಲನಚಿತ್ರ ಇತಿಹಾಸ ಬಲ್ಲವರು, ಶಾಲೆಯಲ್ಲಿ ಅದನ್ನು ತೋರಿಸುವ ಮೇಷ್ಟರು. ಇವರು ಈಗಲೇ ಕೂತು ಬರೆಯದಿದ್ದರೆ, ಎಂಬತ್ತು ವರ್ಷ ಅಡಗಿಸಿಟ್ಟ ವಸ್ತು ಹೊರಬಿದ್ದಾಗ ಅದಕ್ಕೆ ‘ಇವರು ನಮ್ಮಿಂದ ಮುಚ್ಚಿಟ್ಟ ಸತ್ಯ’ ಎಂಬ ಮೆರುಗು ಬರುತ್ತದೆ. 1948ರಲ್ಲೇ ಗುರುತು ಉಳಿಸಿ ತಿದ್ದಿದ್ದರೆ ಆ ಮೆರುಗಿಗೆ ಜಾಗವಿರುತ್ತಿರಲಿಲ್ಲ.

ಉಳಿಸಿಟ್ಟರೆ ಏನಾಗುತ್ತದೆ ಎಂಬುದನ್ನೂ ತೋಳನೇ ತೋರಿಸಿದ್ದಾನೆ. ‘ನು, ಪಗದಿ!’ಯ ತೋಳನಿಗೆ ಕಂಠ ಕೊಟ್ಟವರು ಅನಾತೋಲಿ ಪಪಾನೊವ್, ಯುದ್ಧಚಿತ್ರಗಳಲ್ಲಿ ಗಂಭೀರ ಪಾತ್ರ ಮಾಡಿದ ದೊಡ್ಡ ನಟ. ಬೀದಿಯಲ್ಲಿ ಮಕ್ಕಳು ತಮ್ಮನ್ನು ತೋಳ ಎಂದು ಮಾತ್ರ ಗುರುತಿಸುತ್ತಾರೆ, ತೋಳ ತಮ್ಮ ಬದುಕನ್ನೇ ಕಚ್ಚಿ ತಿಂದ ಎಂದು ಅವರು ಕೊರಗುತ್ತಿದ್ದರಂತೆ. 1987ರಲ್ಲಿ ಅವರು ತೀರಿಕೊಂಡರು. 1993 ಮತ್ತು 1994ರಲ್ಲಿ ಇನ್ನೆರಡು ಕಂತು ಮಾಡುವಾಗ ಬೇರೆ ಕಂಠವನ್ನು ಹುಡುಕಬೇಕಾಗಲಿಲ್ಲ. ಹಿಂದಿನ ಕಂತುಗಳಿಗೆಂದು ಧ್ವನಿಮುದ್ರಿಸಿದ್ದ ಅವರ ದನಿಯ ತುಣುಕುಗಳನ್ನು ಯಾರೋ ಬಿಸಾಡದೆ ಇಟ್ಟಿದ್ದರು. ಅವರು ತೀರಿಕೊಂಡ ಆರು ವರ್ಷಗಳ ಮೇಲೆ, ಸೋವಿಯತ್ ಒಕ್ಕೂಟವೇ ಇಲ್ಲದ ದೇಶದಲ್ಲಿ, ಆ ಟೇಪಿನೊಳಗಿಂದ ಅದೇ ಗೊಗ್ಗರು ದನಿ ಮೊಲವನ್ನು ಮತ್ತೆ ಕೂಗಿತು: ಇರು, ನಿನ್ನನ್ನು ನೋಡಿಕೊಳ್ಳುತ್ತೇನೆ!